ಗೇಟು, ಗುಂಡಿ, ಹೆಸರುಚೀಟಿ: ವಿದ್ಯಾರಣ್ಯಪುರದಿಂದ ಯಶವಂತಪುರದವರೆಗೆ

ವಿದ್ಯಾರಣ್ಯಪುರ ಕಾರ್ಖಾನೆಯವರ ಊರು. ಐವತ್ತರ ದಶಕದ ಮೊದಲಲ್ಲಿ ಜಾಲಹಳ್ಳಿ ಸುತ್ತ ಎಚ್‌ಎಂಟಿ ಬಂತು, 1954ರಲ್ಲಿ ಬಿಇಎಲ್ ಬಂತು, ವಾಯುಪಡೆಯ ನೆಲೆಯೂ ಪಕ್ಕದಲ್ಲೇ ಇತ್ತು. ಅಲ್ಲಿ ದುಡಿದವರು ಸೈಟು ಕೊಂಡು ಮನೆ ಕಟ್ಟಿಕೊಂಡಿದ್ದರಿಂದಲೇ ಈ ಬಡಾವಣೆ ಬೆಳೆಯಿತು. ಬಿಇಎಲ್ ಲೇಔಟು, ಎಚ್‌ಎಂಟಿ ಲೇಔಟು ಎಂಬ ಹೆಸರುಗಳೇ ಅದನ್ನು ಹೇಳುತ್ತವೆ. ಬೆಳಿಗ್ಗೆ ದುರ್ಗಾ ಪರಮೇಶ್ವರಿ ಗುಡಿಯ ಕಡೆಯಿಂದ ನಡೆದು ಬರುವ ಹಿರಿಯರಲ್ಲಿ, ಜೀವಮಾನವಿಡೀ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಇನ್ನೊಬ್ಬರ ಕೆಲಸದ ತಪ್ಪು ಹುಡುಕಿ ನಿವೃತ್ತರಾದವರು ಇದ್ದೇ ಇರುತ್ತಾರೆ.

ವಿಮಾನ, ರೈಲು, ಅಣುಸ್ಥಾವರ, ಆಪರೇಷನ್ ಥಿಯೇಟರ್ ಇಂಥ ಕಡೆ ಒಂದು ಕೈತಪ್ಪಿಗೆ ಜೀವಗಳು ಹೋಗುತ್ತವೆ. ಅಲ್ಲಿ ಮನುಷ್ಯ ಎಲ್ಲಿ ತಪ್ಪಬಹುದು, ಯಾಕೆ ತಪ್ಪುತ್ತಾನೆ ಎಂದು ಮೊದಲೇ ಹುಡುಕಿ, ಯಂತ್ರವನ್ನೂ ಕೆಲಸದ ಕ್ರಮವನ್ನೂ ತಿದ್ದುವುದು ಒಂದು ಕಸುಬು. ಅದನ್ನು ಹ್ಯೂಮನ್ ಫ್ಯಾಕ್ಟರ್ಸ್ ಎನ್ನುತ್ತಾರೆ. ದೊಡ್ಡ ಕಂಪನಿಗಳು ಇದಕ್ಕೆಂದೇ ಸಲಹೆಗಾರರನ್ನು ಕರೆಸಿಕೊಳ್ಳುತ್ತವೆ. ಆ ಕಣ್ಣಿನಿಂದ ಈ ಬೀದಿಗಳನ್ನು ನೋಡಬೇಕು ಎಂದು ನಾನು ಹೊರಟೆ.

ಇಲ್ಲಿನ ಜನ ತಯಾರಿಸಿದ ಒಂದು ವಸ್ತುವನ್ನು ನಾವೆಲ್ಲ ಮುಟ್ಟಿದ್ದೇವೆ. ಅದು ಬಿಇಎಲ್‌ನ ಮತಯಂತ್ರ. ಗುಂಡಿ ಒತ್ತಿದರೆ ಪಕ್ಕದಲ್ಲೇ ಕೆಂಪು ದೀಪ, ಉದ್ದನೆಯ ಬೀಪ್. ಅಧಿಕಾರಿ ತನ್ನ ಕಡೆಯ ಗುಂಡಿ ಒತ್ತುವವರೆಗೆ ಇನ್ನೊಮ್ಮೆ ಒತ್ತಿದರೂ ಏನೂ ಆಗದು. ಆಮೇಲೆ ಸೇರಿದ ವಿವಿಪ್ಯಾಟ್‌ನಲ್ಲಿ, ಯಾರಿಗೆ ಮತ ಹಾಕಿದಿರಿ ಎಂದು ತೋರಿಸುವ ಚೀಟಿ 7 ಸೆಕೆಂಡ್ ಕಾಣುತ್ತದೆ. ಓದು ಬಾರದ ಅಜ್ಜಿಗೂ ‘ನನ್ನ ಕೆಲಸ ಮುಗಿಯಿತು’ ಎಂದು ಯಂತ್ರವೇ ತಿಳಿಸಬೇಕು ಎಂಬ ವಿವೇಕ ಅದರೊಳಗಿದೆ. ಬಿಇಎಲ್‌ನಲ್ಲಿ ಈ ಯಂತ್ರದ ಕೆಲಸ ನೋಡಿಕೊಂಡವರು ಎಸ್. ರಂಗರಾಜನ್. ತಮಿಳು ಓದುಗರಿಗೆ ಅವರು ಕತೆಗಾರ ಸುಜಾತ.

ಮುಖ್ಯರಸ್ತೆಯ ಮೆಡಿಕಲ್ ಸ್ಟೋರಿನಲ್ಲಿ ಹೆಂಗಸೊಬ್ಬರು ಇನ್ಸುಲಿನ್ ಸಿರಿಂಜು ಕೇಳಿದರು. ಅಂಗಡಿಯವ ತಕ್ಷಣ ಕೈ ಚಾಚಲಿಲ್ಲ. “ಕೆಂಪು ಕ್ಯಾಪಾ, ಆರೆಂಜ್ ಕ್ಯಾಪಾ ಅಮ್ಮ? ಬಾಟಲಿ ತಂದಿದ್ದೀರಾ?” ಎಂದ. ಆ ಪ್ರಶ್ನೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ನಮ್ಮಲ್ಲಿ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ, ಒಂದು ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್. 40ರದಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ರದಕ್ಕೆ ಕಿತ್ತಳೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ‘20’ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್, ಅಂದರೆ ಎರಡೂವರೆ ಪಟ್ಟು. ಮುಂಜಾನೆ ಮಬ್ಬು ಬೆಳಕಲ್ಲಿ, ಕನ್ನಡಕವಿಲ್ಲದೆ, ಅಡುಗೆಮನೆಯಲ್ಲಿ ನಿಂತು ಗಂಡನಿಗೆ ಸೂಜಿ ಚುಚ್ಚುವ ಹೆಂಗಸಿಗೆ ‘ಜಾಗ್ರತೆ’ ಎಂದು ಹೇಳಿ ಕೈತೊಳೆದುಕೊಳ್ಳಲಾಗದು. ಮುಚ್ಚಳದ ಬಣ್ಣ ಮೊದಲ ತಡೆ, ಅಂಗಡಿಯವನ ಪ್ರಶ್ನೆ ಎರಡನೆಯದು. ಎರಡು ಬಣ್ಣವೂ ಇಷ್ಟು ಹತ್ತಿರ ಏಕಿರಬೇಕು ಎಂಬುದು ನನ್ನ ತಕರಾರು. ಕೆಂಪು, ಕಿತ್ತಳೆ ಮಬ್ಬಿನಲ್ಲಿ ಒಂದೇ.

ಬಣ್ಣಕ್ಕಿಂತ ಗಟ್ಟಿಯಾದ ತಡೆ ಆಕಾರ. ಯಾವ ನರ್ಸಿಂಗ್ ಹೋಮಿನ ಥಿಯೇಟರಿಗೆ ಹೋದರೂ ಅರಿವಳಿಕೆ ಯಂತ್ರಕ್ಕೆ ಸಿಲಿಂಡರ್ ಕೂಡಿಸುವ ಜಾಗದಲ್ಲಿ ಎರಡು ಸಣ್ಣ ಪಿನ್ನುಗಳಿರುತ್ತವೆ. ಆಕ್ಸಿಜನ್‌ಗೆ ಅವುಗಳ ಸ್ಥಾನ ಒಂದು, ನೈಟ್ರಸ್ ಆಕ್ಸೈಡ್‌ಗೆ ಇನ್ನೊಂದು. ಒಂದರ ಜಾಗಕ್ಕೆ ಇನ್ನೊಂದನ್ನು ತುರುಕಿದರೂ ಕೂರುವುದಿಲ್ಲ. ನಿದ್ದೆಗೆಟ್ಟ ವಾರ್ಡ್‌ಬಾಯ್ ರಾತ್ರಿ ಎರಡಕ್ಕೆ ಬದಲಾಯಿಸಿದರೂ ರೋಗಿ ಉಳಿಯುತ್ತಾನೆ.

ತಿಂಡ್ಲು ಕಡೆಗೆ ನಡೆದೆ. ಯಲಹಂಕ ನೆಲೆಯ ಕಡೆ ವಾಯುಪಡೆಯ ವಿಮಾನವೊಂದು ತಗ್ಗಿ ಹೋಯಿತು. ಈ ಕಸುಬು ಹುಟ್ಟಿದ್ದೇ ಇಂಥ ಕಾಕ್‌ಪಿಟ್ಟುಗಳಲ್ಲಿ. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಬಿ-17 ಬಾಂಬರುಗಳು ಸುಖವಾಗಿ ಇಳಿದ ಮೇಲೆ ನೆಲದ ಮೇಲೇ ಕುಸಿಯುತ್ತಿದ್ದವು. ಫ್ಲಾಪ್ ಮಡಿಸಲು ಹೋದ ಪೈಲಟ್ ಚಕ್ರ ಮಡಿಸಿಬಿಡುತ್ತಿದ್ದ. ಅಲ್ಫಾನ್ಸ್ ಚಪಾನಿಸ್ ಎಂಬ ತರುಣ ಮನಶ್ಶಾಸ್ತ್ರಜ್ಞ ಪೈಲಟ್ಟುಗಳನ್ನು ಬೈಯುವ ಬದಲು ಒಳಗೆ ಕೂತು ನೋಡಿದ. ಎರಡೂ ಸ್ವಿಚ್ಚು ಅಕ್ಕಪಕ್ಕ, ಎರಡೂ ಒಂದೇ ಥರ. ಚಕ್ರದ ಹಿಡಿಕೆಗೆ ಪುಟ್ಟ ಚಕ್ರದ ಆಕಾರ, ಫ್ಲಾಪಿನದಕ್ಕೆ ಬೆಣೆಯ ಆಕಾರ ಕೊಟ್ಟರೆ ಬೆರಳೇ ವ್ಯತ್ಯಾಸ ತಿಳಿಯುತ್ತದೆ ಎಂದ. ಇಂದಿಗೂ ಪ್ರಯಾಣಿಕರ ವಿಮಾನಗಳ ಗೇರ್ ಹಿಡಿಕೆಯ ತುದಿಯಲ್ಲಿ ಆ ಪುಟ್ಟ ಚಕ್ರ ಇದೆ.

ಅಕ್ಕಪಕ್ಕದ ಗುಂಡಿಗಳ ಕತೆ ಬೆಂಗಳೂರಿಗೆ ಹೊಸದಲ್ಲ. 1990ರ ಫೆಬ್ರವರಿ 14ರ ಮಧ್ಯಾಹ್ನ, ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320 ಎಚ್‌ಎಎಲ್ ರನ್‌ವೇಗೆ ಮುಂಚೆಯೇ ಗಾಲ್ಫ್ ಮೈದಾನದಲ್ಲಿ ಬಿದ್ದಿತು. 146 ಜನರಲ್ಲಿ 92 ಮಂದಿ ಸತ್ತರು. ಆ ಮಾದರಿಯ ವಿಮಾನ ಆಗ ನಮ್ಮ ದೇಶಕ್ಕೆ ತೀರ ಹೊಸತು. ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ವಿಚಾರಣೆ, ಎಂಜಿನ್ನುಗಳು ಐಡಲ್‌ನಲ್ಲೇ ಇದ್ದದ್ದನ್ನು ಪೈಲಟ್ಟರು ಸಮಯಕ್ಕೆ ಗಮನಿಸಲಿಲ್ಲ ಎಂದಿತು. ಅಷ್ಟಕ್ಕೇ ಅದು ನಿಲ್ಲಲಿಲ್ಲ. ಇಳಿಯುವ ವೇಗ ಎಂದು 700 ತಿರುಗಿಸಲು ಹೋಗಿ, ಪಕ್ಕದಲ್ಲೇ ಇರುವ ಎತ್ತರದ ಗುಂಡಿಯಲ್ಲಿ 700 ಅಡಿ ತಿರುಗಿಸಿರಬಹುದು ಎಂಬ ಸಾಧ್ಯತೆಯನ್ನೂ ಮುಂದಿಟ್ಟಿತು. ಎರಡು ವರ್ಷಕ್ಕೆ, 1992ರ ಜನವರಿಯಲ್ಲಿ, ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಬಳಿ ಇನ್ನೊಂದು ಎ320 ಬೆಟ್ಟಕ್ಕೆ ಬಡಿದು 87 ಜನ ಸತ್ತರು. ಅಲ್ಲಿ ಇಳಿಯುವ ಕೋನ 3.3 ಡಿಗ್ರಿ ಎಂದು ಇಟ್ಟದ್ದು ಇಳಿಯುವ ವೇಗ ನಿಮಿಷಕ್ಕೆ 3,300 ಅಡಿ ಎಂದಾಗಿತ್ತು ಎಂಬುದೇ ಬಲವಾದ ಊಹೆ. ಫಲಕದಲ್ಲಿ ಕೋನ ‘3.3’ ಎಂದೂ ವೇಗ ‘33’ ಎಂದೂ ಕಾಣುತ್ತಿತ್ತು, ನಡುವೆ ಒಂದು ಚುಕ್ಕೆಯಷ್ಟೇ ವ್ಯತ್ಯಾಸ. ಆ ಮೇಲೆ ಇಳಿಯುವ ವೇಗವನ್ನು ನಾಲ್ಕು ಅಂಕಿಯಲ್ಲಿ ತೋರಿಸುವಂತೆ ತಿದ್ದಿದರು. ಕಾಕ್‌ಪಿಟ್ಟಿನಲ್ಲಿ ಕಣ್ಣು ಎಲ್ಲಿ ನೆಡುತ್ತದೆ ಎಂದು ಅಳೆಯುವ ಕೆಲಸ ಇವತ್ತು ಯಶವಂತಪುರದ ಮಗ್ಗುಲಲ್ಲೇ, ಐಐಎಸ್‌ಸಿಯ ಪ್ರಯೋಗಾಲಯದಲ್ಲಿ ನಡೆಯುತ್ತಿದೆ.

ಮಂಗಳೂರಿನದು ಗುಂಡಿಯ ಕತೆಯಲ್ಲ, ಮಾತಿನ ಕತೆ. 2010ರ ಮೇ 22ರ ಬೆಳಗಿನ ಜಾವ ದುಬೈನಿಂದ ಬಜಪೆಗೆ ಇಳಿದ ವಿಮಾನ ರನ್‌ವೇ ದಾಟಿ ಕಮರಿಗೆ ಬಿತ್ತು. 158 ಜನ ಹೋದರು, 8 ಜನ ಉಳಿದರು. ಕ್ಯಾಪ್ಟನ್ ಹಾರಾಟದ ಬಹುಪಾಲು ನಿದ್ದೆಯಲ್ಲಿದ್ದುದು ಧ್ವನಿಮುದ್ರಣದಲ್ಲಿ ಕೇಳುತ್ತದೆ. ಗಾಢನಿದ್ದೆಯಿಂದ ಎದ್ದವನ ಮಂಪರು ಬೇಗ ಬಿಡುವುದಿಲ್ಲ. ಸಹಪೈಲಟ್ ಮೂರು ಸಲ ‘ಮತ್ತೆ ಮೇಲಕ್ಕೇರಿ’ ಎಂದ, ಯಂತ್ರವೂ ಎಚ್ಚರಿಸಿತು. ಸಹಪೈಲಟ್ ಹೇಳಿದ, ಆದರೆ ಕೈಹಾಕಿ ವಿಮಾನವನ್ನು ತಾನೇ ತೆಗೆದುಕೊಳ್ಳಲಿಲ್ಲ. ದೊಡ್ಡವರ ಮುಂದೆ ತಗ್ಗಿ ನಡೆಯುವುದನ್ನು ನಾವು ಮನೆಯಲ್ಲೇ ಕಲಿಸುತ್ತೇವೆ. ಕಾಕ್‌ಪಿಟ್ಟಿನಲ್ಲಿ ಅದನ್ನು ಮರೆಸಲು ತರಬೇತಿ ಬೇಕು. 1977ರಲ್ಲಿ ಟೆನೆರೀಫ್‌ನಲ್ಲಿ ಎರಡು ಜಂಬೋ ಡಿಕ್ಕಿಯಾಗಿ 583 ಜನ ಸತ್ತ ಮೇಲೆ ಜಗತ್ತಿನ ವಿಮಾನಯಾನ ಹಿರಿಯರಿಗೂ ಎದುರು ಹೇಳುವುದನ್ನು ಪಾಠವಾಗಿ ಕಲಿಸತೊಡಗಿತು.

ಕೊಡಿಗೇಹಳ್ಳಿ ರೈಲು ನಿಲ್ದಾಣ ಸಣ್ಣದು. ಬೆಂಚಿನ ಮೇಲೆ ಕೂತಿದ್ದ ಹಿರಿಯರು ನಿವೃತ್ತ ಸ್ಟೇಷನ್ ಮಾಸ್ಟರು. ಲೆವೆಲ್ ಕ್ರಾಸಿಂಗ್ ಗೇಟುಗಳ ವಿಷಯ ತೆಗೆದೆ. “ಗೇಟ್ ಹಾಕಿದ್ದೀನಿ ಅಂದ್ರೆ ನಾವು ನಂಬ್ತಿರಲಿಲ್ಲ ಸಾರ್. ಪ್ರೈವೇಟ್ ನಂಬರ್ ಕೊಡು ಅಂತಿದ್ವಿ” ಎಂದರು. ಗೇಟ್‌ಮನ್ ಬಳಿ ನಂಬರುಗಳ ಹಾಳೆ ಇರುತ್ತದೆ. ಗೇಟು ಹಾಕಿ ಬೀಗ ಬಿದ್ದ ಮೇಲಷ್ಟೇ ಒಂದು ನಂಬರು ಓದಿ ಹೇಳಬೇಕು, ಹೇಳಿದ್ದನ್ನು ಹೊಡೆದುಹಾಕಬೇಕು. ಆ ಕಡೆ ಮಾಸ್ಟರು ಬರೆದುಕೊಳ್ಳಬೇಕು. “ಹ್ಞೂಂ ಹ್ಞೂಂ ಅನ್ನೋದು ಅಭ್ಯಾಸದ ಬಾಯಿ ಸಾರ್, ನಿದ್ದೆಯಲ್ಲೂ ಅಂತದೆ. ನಂಬರ್ ಹೇಳೋಕೆ ಹಾಳೆ ನೋಡ್ಲೇಬೇಕು.” ಇಷ್ಟು ಚೆನ್ನಾಗಿ ಈ ಶಾಸ್ತ್ರವನ್ನು ಯಾವ ತಜ್ಞರೂ ಹೇಳಲಾರರು.

ಎಂಜಿನ್ನಿನಲ್ಲೂ ಹಾಗೆಯೇ. ಸಿಗ್ನಲ್ ಕಂಡಾಗ ಸಹಾಯಕ ಅದರ ಬಣ್ಣ ಕೂಗುತ್ತಾನೆ, ಲೋಕೊ ಪೈಲಟ್ ಮರುಕೂಗುತ್ತಾನೆ. ಜಪಾನಿನವರು ಬೆರಳು ತೋರಿಸಿ ಕೂಗುತ್ತಾರೆ. ನಮ್ಮಲ್ಲಿ ಒಂದು ನಿಮಿಷ ಲೋಕೊ ಪೈಲಟ್ ಯಾವ ಹಿಡಿಕೆಯನ್ನೂ ಮುಟ್ಟದಿದ್ದರೆ ದೀಪ ಮಿನುಗುತ್ತದೆ, ಬಜರ್ ಹೊಡೆಯುತ್ತದೆ, ಆಗಲೂ ಮುಟ್ಟದಿದ್ದರೆ ಬ್ರೇಕು ತಾನೇ ಬೀಳುತ್ತದೆ.

ಪ್ಯಾಸೆಂಜರ್ ಹಿಡಿದು ಲೊಟ್ಟೆಗೊಲ್ಲಹಳ್ಳಿ ದಾಟಿ ಯಶವಂತಪುರದಲ್ಲಿ ಇಳಿದೆ. ಇಲ್ಲಿಂದ ದಿಲ್ಲಿಯ ನಿಜಾಮುದ್ದೀನ್‌ಗೆ ಹೋಗುವ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ 2023ರ ಫೆಬ್ರವರಿ 8ರ ಸಂಜೆ ಹೊಸದುರ್ಗ ರೋಡ್ ನಿಲ್ದಾಣ ದಾಟಬೇಕಿತ್ತು. ಸ್ಟೇಷನ್ ಮಾಸ್ಟರರ ಪ್ಯಾನೆಲ್ ದಾರಿ ಸರಿಯಿದೆ ಎನ್ನುತ್ತಿತ್ತು. ಹೊರಗೆ ಪಾಯಿಂಟು ಕೂಡಿದ್ದು ಬೇರೆ ಹಳಿಗೆ, ಆ ಹಳಿಯಲ್ಲಿ ಗೂಡ್ಸ್ ಗಾಡಿ. ಲೋಕೊ ಪೈಲಟ್ ಕಣ್ಣಿಟ್ಟು ಹಳಿಯನ್ನೇ ನೋಡಿದ್ದರಿಂದ ಗಾಡಿ ನಿಂತಿತು. ಒಬ್ಬರಿಗೂ ಏನೂ ಆಗಲಿಲ್ಲ. ಮಾರನೆಯ ದಿನವೇ ನೈರುತ್ಯ ರೈಲ್ವೆಯ ಹಿರಿಯ ಅಧಿಕಾರಿ ಪತ್ರ ಬರೆದರು. ಸಿಗ್ನಲ್ ವ್ಯವಸ್ಥೆಯಲ್ಲಿ ಗಂಭೀರ ದೋಷವಿದೆ, ತಿದ್ದದಿದ್ದರೆ ದೊಡ್ಡ ಅಪಘಾತ ಆಗಬಹುದು ಎಂದರು.

ನಾಲ್ಕು ತಿಂಗಳೂ ತುಂಬಲಿಲ್ಲ. ಜೂನ್ 2ರ ಸಂಜೆ ಒಡಿಶಾದ ಬಾಲೇಶ್ವರ ಜಿಲ್ಲೆಯ ಬಹಾನಗಾ ಬಜಾರ್‌ನಲ್ಲಿ, ಮುಖ್ಯ ಹಳಿಗೆ ಹಸಿರು ಕಂಡ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪ್ ಹಳಿಗೆ ನುಗ್ಗಿ ಗೂಡ್ಸ್‌ಗೆ ಬಡಿಯಿತು. ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ಗಾಡಿಯ ಹಿಂದಿನ ಬೋಗಿಗಳೂ ಅದಕ್ಕೆ ಸಿಕ್ಕವು. ಸತ್ತವರು 290ಕ್ಕೂ ಹೆಚ್ಚು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಅದನ್ನು ಲೆವೆಲ್ ಕ್ರಾಸಿಂಗ್ ಬಳಿಯ ಪೆಟ್ಟಿಗೆಯೊಳಗಿನ ತಂತಿಗಳವರೆಗೆ ಹಿಂಬಾಲಿಸಿತು. ಹಿಂದೆ ಸರ್ಕ್ಯೂಟ್ ಬದಲಿಸಿದಾಗ ತಂತಿಯ ಹೆಸರುಚೀಟಿಗಳು ತಪ್ಪಾಗಿಯೇ ಉಳಿದಿದ್ದವು. ವರ್ಷಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. ಆ ದಿನ ಗೇಟಿನ ಕೆಲಸಕ್ಕೆ ಕೂತವನು ಸುಳ್ಳು ಚೀಟಿಗಳನ್ನು ನಂಬಿ ತಂತಿ ಕೂಡಿಸಬೇಕಿತ್ತು. 2022ರ ಮೇ ತಿಂಗಳಲ್ಲಿ ಅದೇ ಖರಗ್‌ಪುರ ವಿಭಾಗದ ಬಾಂಕ್ರಾ ನಯಾಬಾಜ್‌ನಲ್ಲಿ ಇಂಥದೇ ವೈರಿಂಗ್ ತಪ್ಪಾಗಿತ್ತು, ಆಗಲೇ ತಿದ್ದಿದ್ದರೆ ಇದು ಆಗುತ್ತಿರಲಿಲ್ಲ ಎಂದೂ ವರದಿ ಹೇಳಿತು.

2023ರ ಜುಲೈನಲ್ಲಿ ಸಿಬಿಐ ಮೂವರು ರೈಲ್ವೆ ನೌಕರರನ್ನು ಬಂಧಿಸಿತು. ಅವರ ಹೊಣೆ ಎಷ್ಟೆಂದು ನ್ಯಾಯಾಲಯ ತೀರ್ಮಾನಿಸಲಿ. ನನಗೆ ಬೇಕಾದದ್ದು ಬೇರೆ. ಹೊಸದುರ್ಗದಂಥ ಪತ್ರ ಬಂದ ವಾರದೊಳಗೆ ಅದರ ಪ್ರತಿ ದೇಶದ ಪ್ರತಿ ಸಿಗ್ನಲ್ ಮೇಂಟೇನರ್ ಕೈಗೆ ಅವನ ಭಾಷೆಯಲ್ಲಿ ತಲುಪಬೇಕು. ಪೆಟ್ಟಿಗೆ ತೆರೆದಾಗ ಚೀಟಿ ತಪ್ಪಾಗಿದೆ ಎಂದು ಕಂಡ ಹುಡುಗ ಮೇಲಿನವರಿಗೆ ಹೇಳಿದರೆ ಅವನಿಗೆ ಮೆಮೊ ಬರಬಾರದು. ಮತ್ತು ಅವನು ಹೇಳಿದ ದಿನವೇ ಆ ಚೀಟಿ ಬದಲಾಗಬೇಕು.