ವೇತನ ಶಾಖೆಯ ಫೆಬ್ರುವರಿ ಸಂಕಟ

ವರ್ಷಕ್ಕೆ ತಿಂಗಳು ಹನ್ನೆರಡು, ಸಂಬಳ ಮಾತ್ರ ಹನ್ನೊಂದು ಎಂದು ಸರ್ಕಾರಿ ನೌಕರರು ವಿನೋದಕ್ಕೆ ಹೇಳುವುದುಂಟು. ಮಾರ್ಚ್ ತಿಂಗಳ ವೇತನ ಏಪ್ರಿಲ್‌ನಲ್ಲಿ ಕೈಸೇರುವುದರಿಂದ ರಾಜ್ಯ ನೌಕರರ ತೆರಿಗೆ ಲೆಕ್ಕ ಮಾರ್ಚ್‌ನಿಂದ ಫೆಬ್ರುವರಿಯವರೆಗೆ ನಡೆಯುತ್ತದೆ. ವರ್ಷವಿಡೀ ಕಡಿತವಾಗದೆ ಉಳಿದ ತೆರಿಗೆಯೆಲ್ಲ ಫೆಬ್ರುವರಿಯ ಒಂದೇ ಬಿಲ್ಲಿನ ಮೇಲೆ ಎರಗುತ್ತದೆ. ಗೃಹಸಾಲದ ಕಂತು, ಮಕ್ಕಳ ಶುಲ್ಕ, ಕಿರಾಣಿ ಅಂಗಡಿಯ ಬಾಕಿ ಇವು ಮಾತ್ರ ಆ ತಿಂಗಳೆಂದು ಕಾಯುವುದಿಲ್ಲ.

ಈ ಸಂಕಟದ ಇನ್ನೊಂದು ತುದಿಯಲ್ಲಿ ವೇತನ ಬಿಲ್ಲು ಸಿದ್ಧಪಡಿಸುವ ಗುಮಾಸ್ತನಿದ್ದಾನೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳನ್ನೇ ನೋಡೋಣ. ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು. ಪ್ರಾಥಮಿಕ ಶಾಲಾ ಶಿಕ್ಷಕರ ವೇತನದ ಹೊಣೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯದು. ಊರೂರಿಗೆ ಚದುರಿದ ಶಾಲೆಗಳ ಹಾಜರಿ, ರಜೆ, ಬಡ್ತಿ, ಸಾಲದ ವಿವರಗಳೆಲ್ಲ ಕೆಲವೇ ವಿಷಯ ನಿರ್ವಾಹಕರ ಮೇಜಿಗೆ ಬರುತ್ತವೆ. ಗೋಕಾಕದಿಂದ ಬೇರ್ಪಟ್ಟು 2018ರಲ್ಲಿ ಮೂಡಲಗಿ ತಾಲ್ಲೂಕಾಯಿತು. ಆದರೆ ನಕ್ಷೆಯಲ್ಲಿ ಗೆರೆ ಎಳೆದಷ್ಟು ಸುಲಭವಾಗಿ ನುರಿತ ಸಿಬ್ಬಂದಿ ಹುಟ್ಟಿಕೊಳ್ಳುವುದಿಲ್ಲ.

ಜನವರಿ ಕಳೆಯಿತೆಂದರೆ ಈ ಮೇಜಿನ ಮೇಲೆ ವಿಮಾ ರಸೀದಿ, ಮನೆ ಬಾಡಿಗೆ ಚೀಟಿ, ಸಾಲದ ಬಡ್ಡಿಯ ಪ್ರಮಾಣಪತ್ರಗಳು ರಾಶಿ ಬೀಳುತ್ತವೆ. ಜೊತೆಗೇ ತುಟ್ಟಿಭತ್ಯೆ ಹಿಂಬಾಕಿ, ಗಳಿಕೆ ರಜೆ ನಗದೀಕರಣ, ವೈದ್ಯಕೀಯ ವೆಚ್ಚ ಮರುಪಾವತಿಯ ಬಿಲ್ಲುಗಳು. ಮಾರ್ಚ್ 31ರೊಳಗೆ ಖಜಾನೆ ದಾಟದ ಅನುದಾನ ವ್ಯಪಗತವಾಗುತ್ತದೆ ಎಂಬ ಭಯ ಬೇರೆ. ಈ ಅವಸರದಲ್ಲಿ ಪ್ಯಾನ್ ಸಂಖ್ಯೆಯ ಒಂದು ಅಕ್ಷರ ತಪ್ಪಿದರೆ, ಸಂಬಳದಿಂದ ಕಡಿತವಾದ ತೆರಿಗೆ ಶಿಕ್ಷಕನ ಲೆಕ್ಕಕ್ಕೆ ಜಮೆಯಾಗುವುದಿಲ್ಲ. ತೆರಿಗೆ ಕೊಟ್ಟವನಿಗೇ ತೆರಿಗೆ ಬಾಕಿಯ ನೋಟಿಸು! ತ್ರೈಮಾಸಿಕ ವಿವರಪಟ್ಟಿ ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ ವಿಧಿಸುವ ನಿಯಮ 2012ರಲ್ಲಿ ಬಂದ ಮೇಲೆ ಬಟವಾಡೆ ಅಧಿಕಾರಿಗಳಿಗೂ ನೆಮ್ಮದಿ ಇಲ್ಲ.

ಇದು ಸರ್ಕಾರಿ ಕಚೇರಿಗಳ ಪಾಡು ಮಾತ್ರವಲ್ಲ. ಸಂಕೇಶ್ವರದ ಹಿರಣ್ಯಕೇಶಿಯಂಥ ಸಹಕಾರಿ ಸಕ್ಕರೆ ಕಾರ್ಖಾನೆಗಳು ಇರುವ ಸೀಮೆ ಇದು. ಶರತ್ಕಾಲದಲ್ಲಿ ಆರಂಭವಾಗುವ ಕಬ್ಬು ನುರಿಸುವ ಹಂಗಾಮು ಸಾಮಾನ್ಯವಾಗಿ ಮುಗಿಯುವುದು ಬೇಸಿಗೆಯ ಹೊಸ್ತಿಲಲ್ಲಿ. ಹಂಗಾಮಿ ಕಾರ್ಮಿಕರ ಲೆಕ್ಕ ಚುಕ್ತಾ ಮಾಡುವ ಕಾಲ, ಆರ್ಥಿಕ ವರ್ಷದ ಲೆಕ್ಕ ಮುಗಿಸುವ ಕಾಲ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ.

ವರ್ಷಾಂತ್ಯದ ಈ ಒತ್ತಡ ಅನಿವಾರ್ಯವೆಂದು ನಂಬಿದವರೇ ಹೆಚ್ಚು. ಕಾನೂನು ಹಾಗೆ ಹೇಳುವುದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 192ನೆಯ ಕಲಮಿನ ಪ್ರಕಾರ, ನೌಕರನ ಇಡೀ ವರ್ಷದ ಆದಾಯವನ್ನು ಮೊದಲೇ ಅಂದಾಜಿಸಿ, ಸರಾಸರಿ ದರದಲ್ಲಿ ಪ್ರತಿ ವೇತನದಿಂದಲೂ ತೆರಿಗೆ ಮುರಿಯಬೇಕು. 2026ರ ಏಪ್ರಿಲ್ 1ರಿಂದ ಜಾರಿಗೊಳ್ಳುವಂತೆ ರೂಪಿಸಿದ 2025ರ ಹೊಸ ಕಾಯ್ದೆಯೂ ಈ ತತ್ವವನ್ನು ಉಳಿಸಿಕೊಂಡಿದೆ. ಅಂದರೆ ಹನ್ನೆರಡು ಕಂತುಗಳ ಕೆಲಸವನ್ನು ಒಂದು ಕಂತಿಗೆ ಇಳಿಸಿದ್ದು ಕಾನೂನಲ್ಲ, ನಮ್ಮ ರೂಢಿ.

2025ರ ಬಜೆಟ್ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ರಿಯಾಯಿತಿ ನೀಡಿತಲ್ಲ, ಇನ್ನೆಲ್ಲಿಯ ಸಂಕಟ ಎಂದು ಕೇಳಬಹುದು. ಪ್ರಮಾಣಿತ ಕಡಿತ 75,000 ಸೇರಿದರೆ 12.75 ಲಕ್ಷದವರೆಗಿನ ವೇತನಕ್ಕೆ ತೆರಿಗೆ ಇಲ್ಲ. ಅನೇಕ ಶಿಕ್ಷಕರಿಗೆ ಇದು ನಿಜವಾದ ಬಿಡುಗಡೆ. ಆದರೆ ಏಳನೆಯ ವೇತನ ಆಯೋಗದ ಶ್ರೇಣಿಗಳು 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಮೇಲೆ ಹಿರಿಯ ನೌಕರರು ಈ ಗೆರೆಯ ಹತ್ತಿರವೇ ಇದ್ದಾರೆ. ವರ್ಷದ ನಡುವೆ ಹಿಂಬಾಕಿ ಬಂದು ಗೆರೆ ದಾಟಿದರೆ ಅದು ಗೊತ್ತಾಗುವುದು ಫೆಬ್ರುವರಿಯಲ್ಲಿ. ಗೃಹಸಾಲವಿರುವವರು ಹಳೆಯ ಪದ್ಧತಿ ಲಾಭವೋ ಹೊಸತೋ ಎಂದು ತೂಗಿ ನೋಡಲೇಬೇಕು. ತೆರಿಗೆ ಕಟ್ಟುವವರ ಸಂಖ್ಯೆ ತಗ್ಗಿರಬಹುದು, ಲೆಕ್ಕ ಹಾಕುವ ಶ್ರಮ ಅಷ್ಟಾಗಿ ತಗ್ಗಿಲ್ಲ.

ಪರಿಹಾರಕ್ಕೆ ಹೊಸ ತಂತ್ರಾಂಶವಾಗಲಿ ಹೊಸ ಹುದ್ದೆಯಾಗಲಿ ಮೊದಲ ಅಗತ್ಯವಲ್ಲ. ಏಪ್ರಿಲ್‌ನಲ್ಲೇ ಪ್ರತಿ ನೌಕರನಿಂದ ಒಂದು ಪುಟದ ಘೋಷಣೆ ಪಡೆದು, ಯಾವ ಪದ್ಧತಿ, ಎಷ್ಟು ಅಂದಾಜು ಆದಾಯ ಎಂಬುದನ್ನು ಎಚ್‌ಆರ್‌ಎಂಎಸ್‌ನಲ್ಲಿ ದಾಖಲಿಸಿ ಮಾಸಿಕ ಕಡಿತ ಆರಂಭಿಸಬೇಕು. ಜುಲೈ, ಅಕ್ಟೋಬರ್‌ಗಳಲ್ಲಿ ಮರುಲೆಕ್ಕ ಹಾಕಬೇಕು. ಡಿಸೆಂಬರ್‌ನೊಳಗೆ ದಾಖಲೆ ಪಡೆದು, ಜನವರಿಯನ್ನು ತಕರಾರುಗಳಿಗೆ ಮೀಸಲಿಡಬೇಕು. ಹುಕ್ಕೇರಿಯಿಂದ ಮೂಡಲಗಿಗೆ ವರ್ಗವಾದ ಶಿಕ್ಷಕಿಯ ಅಂತಿಮ ವೇತನ ಪ್ರಮಾಣಪತ್ರದಲ್ಲಿ ಅದುವರೆಗೆ ಕಡಿತವಾದ ತೆರಿಗೆಯ ಮೊತ್ತ ತಪ್ಪದೆ ಇರಬೇಕು. ಇಲ್ಲದಿದ್ದರೆ ಹೊಸ ಕಚೇರಿ ಕತ್ತಲಲ್ಲಿ ಲೆಕ್ಕ ಹಾಕುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಕಚೇರಿಯಲ್ಲೂ ವೇತನದ ಕೆಲಸ ಬಲ್ಲ ಎರಡನೆಯ ವ್ಯಕ್ತಿ ಇರಬೇಕು. ಸೇವೆಯಲ್ಲಿದ್ದಾಗ ನಾನು ಕಂಡಂತೆ, ಒಬ್ಬ ಗುಮಾಸ್ತ ಜ್ವರ ಬಂದು ಮಲಗಿದರೆ ಇಡೀ ತಾಲ್ಲೂಕಿನ ವೇತನ ನಿಂತುಬಿಡುವಂಥ ಕಚೇರಿಗಳು ಒಂದೆರಡಲ್ಲ.

ಸರ್ಕಾರದ ಪಾಲೂ ಇದೆ. ವರ್ಷದ ಕೊನೆಯ ತಿಂಗಳುಗಳಲ್ಲಿ ವೆಚ್ಚದ ಧಾವಂತ ಆರ್ಥಿಕ ಔಚಿತ್ಯದ ಉಲ್ಲಂಘನೆ ಎಂದು ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಹೇಳುತ್ತವೆ. ಅದು ಕೇಂದ್ರಕ್ಕೆ ಅನ್ವಯಿಸುವ ನಿಯಮವಾದರೂ ವಿವೇಕ ಎಲ್ಲರಿಗೂ ಒಂದೇ. ಮೇಲಿನಿಂದ ಅನುದಾನ ಮಾರ್ಚ್ ಕೊನೆಯ ವಾರ ಬಂದರೆ, ಕೆಳಗಿನ ಗುಮಾಸ್ತ ಶಿಸ್ತು ಪಾಲಿಸುವುದು ಹೇಗೆ? ಆರ್ಥಿಕ ವರ್ಷವನ್ನೇ ಬದಲಿಸೋಣ ಎಂಬ ಸಲಹೆಯೂ ಉಂಟು. ಏಪ್ರಿಲ್-ಮಾರ್ಚ್ ಪದ್ಧತಿ 1867ರಿಂದ ಬಂದದ್ದು. 1980ರ ದಶಕದಲ್ಲಿ ಎಲ್.ಕೆ. ಝಾ ಸಮಿತಿ ಜನವರಿಯಿಂದ ವರ್ಷ ಆರಂಭಿಸಲು ಶಿಫಾರಸು ಮಾಡಿತ್ತು, ಸರ್ಕಾರ ಒಪ್ಪಲಿಲ್ಲ. ಒಪ್ಪಿದ್ದರೂ ಧಾವಂತ ಮಾರ್ಚ್‌ನಿಂದ ಡಿಸೆಂಬರ್‌ಗೆ ಸ್ಥಳಾಂತರವಾಗುತ್ತಿತ್ತು, ಅಷ್ಟೇ.

ಘಟಪ್ರಭೆಗೆ ಮಳೆಗಾಲದಲ್ಲಿ ಒಮ್ಮೆಲೇ ಬರುವ ನೀರನ್ನು ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ಹಿಡಿದಿಟ್ಟು, ಹೊಲಗಳಿಗೆ ಬೇಕಾದ ಕಾಲಕ್ಕೆ ಕಾಲುವೆಗಳಿಗೆ ಹರಿಸುತ್ತದೆ. ಆ ನೀರಿನ ಲೆಕ್ಕ ಬಲ್ಲ ಈ ಸೀಮೆಗೆ ಕೆಲಸವನ್ನು ತಿಂಗಳುಗಳಿಗೆ ಹಂಚುವ ಪಾಠ ಹೊಸದಾಗಬೇಕಿಲ್ಲ. ಏಪ್ರಿಲ್‌ನ ಆ ಒಂದು ಪುಟದ ಘೋಷಣೆಯಿಂದ ಯಾವುದಾದರೂ ಒಂದು ಕಚೇರಿ ಆರಂಭಿಸಲಿ; ಉಳಿದವರು ಬರುವ ಫೆಬ್ರುವರಿಯಲ್ಲಿ ಅದರ ಫಲ ನೋಡಿ ಹಿಂಬಾಲಿಸುತ್ತಾರೆ.