ಭುವನೇಶ್ವರಿಯ ಕೆಳಗೆ ಗಣಿತ

ಪ್ರೌಢಶಾಲೆಯ ಗಣಿತವನ್ನು ಅಧ್ಯಾಯದ ಮೇಲೆ ಅಧ್ಯಾಯವಾಗಿ ಹೇಳಿಕೊಡುವ ಬದಲು, ಮಕ್ಕಳು ಕೈಗೆತ್ತಿಕೊಂಡ ಒಂದು ಕೆಲಸವನ್ನು ಮುಗಿಸುವುದಕ್ಕೆ ಗಣಿತವೇ ಬೇಕಾಗುವಂತೆ ಪಾಠವನ್ನು ಹೂಡುವ ಕ್ರಮಕ್ಕೆ ಯೋಜನಾಧಾರಿತ ಬೋಧನೆ ಎಂದು ಹೆಸರು. ಆ ಕೆಲಸವು ಶಿಲ್ಪ, ಸಂಗೀತ, ಪದ್ಯ, ರಂಗೋಲಿ, ಹೊಲಿಗೆಗಳಂಥ ಕಲೆಗೆ ಸೇರಿದ್ದಾದರೆ ಅದು ಕಲಾಕೇಂದ್ರಿತ ಶಾಲೆಯ ಗಣಿತವಾಗುತ್ತದೆ. ಅಮೆರಿಕದ ಶಿಕ್ಷಣತಜ್ಞ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಈ ವಿಧಾನವನ್ನು ಕುರಿತು ಬರೆದ ಪ್ರಬಂಧದಿಂದ ಅದು ಜಗತ್ತಿಗೆ ಪರಿಚಿತವಾಯಿತು. ಭಾರತದಲ್ಲಿ 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್, ಅಂದರೆ ಕೈಕಸುಬಿನ ಮೂಲಕ ಎಲ್ಲ ವಿಷಯಗಳನ್ನೂ ಕಲಿಸುವ ಮೂಲಶಿಕ್ಷಣ, ಇದಕ್ಕೆ ಹತ್ತಿರದ ಬಂಧು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆಯನ್ನು ಉಳಿದ ವಿಷಯಗಳೊಡನೆ ಬೆಸೆದು ಕಲಿಸಬೇಕೆಂದು ಹೇಳುತ್ತದೆ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಗುಡಿ, ಪದ್ಯ, ಸಂಗೀತ, ಮರಗಳನ್ನು ಈ ಬೋಧನೆಯ ಕಣ್ಣಿನಿಂದ ನೋಡಿದಾಗ, ಒಂಬತ್ತು ಮತ್ತು ಹತ್ತನೆಯ ತರಗತಿಯ ಗಣಿತದ ಬಹುಪಾಲು ಊರೊಳಗೇ ಹರಡಿಕೊಂಡಿರುವುದು ಕಾಣುತ್ತದೆ.

ಕಲೆಗೂ ಗಣಿತಕ್ಕೂ ಸಂಬಂಧ ಕಲ್ಪಿಸುವುದು ಈ ನೆಲಕ್ಕೆ ಹೊಸದಲ್ಲ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರಕ್ಕೆ ಆ ಹೆಸರು ಬಂದದ್ದು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ದಂಡನಾಯಕ ಬಂಕೆಯನಿಂದ; ಅದೇ ಅಮೋಘವರ್ಷನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಗ್ರಂಥದ ಆರಂಭದಲ್ಲಿ ಗಣಿತವನ್ನು ಹೊಗಳುವಾಗ ಅವನು ಗ್ರಹಗಳ ಚಲನೆಯ ಜೊತೆಗೇ ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು, ಅಲಂಕಾರಗಳನ್ನೂ ಲೆಕ್ಕ ಬೇಕಾಗುವ ವಿದ್ಯೆಗಳ ಸಾಲಿನಲ್ಲಿ ಸೇರಿಸುತ್ತಾನೆ. ಹನ್ನೊಂದೂವರೆ ಶತಮಾನಗಳ ಹಿಂದಿನ ಆ ಪಟ್ಟಿಯನ್ನು ಇಂದಿನ ಕಲಾಕೇಂದ್ರಿತ ಶಾಲೆಯು ತನ್ನ ಪಠ್ಯಯೋಜನೆಯಾಗಿ ಹಾಗೆಯೇ ಸ್ವೀಕರಿಸಬಹುದು.

ಹಾನಗಲ್ಲದ ತಾರಕೇಶ್ವರ ದೇವಾಲಯ ಕಲ್ಯಾಣ ಚಾಲುಕ್ಯರ ಕಾಲದ ವಾಸ್ತುವಿನ ಪ್ರೌಢ ಮಾದರಿಗಳಲ್ಲೊಂದು. ಅದರ ಮಂಟಪದ ಭುವನೇಶ್ವರಿ, ಅಂದರೆ ಕೆತ್ತನೆಯ ಒಳಮಾಳಿಗೆ, ಎಂಟು ಮೂಲೆಯ ತೊಲೆಗಳ ಸುತ್ತಿನ ಮೇಲೆ ಒಂದಕ್ಕಿಂತ ಒಂದು ಕಿರಿದಾಗುತ್ತ ಹೋಗುವ ಕಲ್ಲಿನ ಬಳೆಗಳಾಗಿ ಏರಿ, ನಡುವೆ ಕಮಲವಾಗಿ ಅರಳುತ್ತದೆ. ಇಲ್ಲಿ ಹುಟ್ಟುವ ಗಣಿತದ ಪ್ರಶ್ನೆ ಒಂದೇ, ಆದರೆ ಅದು ಆಳವಾದದ್ದು: ಚೌಕದಿಂದ ಎಂಟು ಬದಿಗಳೂ ಸಮನಾದ ಅಷ್ಟಭುಜವನ್ನು ಪಡೆಯುವುದು ಹೇಗೆ? ಬಡಗಿಗಳಿಗೂ ಪರಿಚಿತವಾದ ಒಂದು ವಿಧಾನವನ್ನು ಮಕ್ಕಳು ಶಾಲೆಯ ಅಂಗಳದಲ್ಲಿ ಗೂಟ ಮತ್ತು ನೂಲಿನಿಂದಲೇ ಮಾಡಿ ನೋಡಬಹುದು. 10 ಅಡಿ ಬದಿಯ ಚೌಕವನ್ನು ಎಳೆದು, ಮೂಲೆಯಿಂದ ಚೌಕದ ನಟ್ಟನಡುವಿನವರೆಗೆ ನೂಲನ್ನು ಹಿಡಿದರೆ ಅದರ ಉದ್ದ ಕರ್ಣದ ಅರ್ಧ, ಅಂದರೆ ಸುಮಾರು 7.07 ಅಡಿ. ಅದೇ ನೂಲನ್ನು ಆ ಮೂಲೆಯಲ್ಲಿಯೇ ಹಿಡಿದು ಅಕ್ಕಪಕ್ಕದ ಎರಡು ಬದಿಗಳ ಮೇಲೆ ಗುರುತು ಹಾಕಿ, ನಾಲ್ಕೂ ಮೂಲೆಗಳಲ್ಲಿ ಹೀಗೆಯೇ ಮಾಡಿದಾಗ ಎಂಟು ಬಿಂದುಗಳು ಸಿಗುತ್ತವೆ. ಅವನ್ನು ಸೇರಿಸಿದರೆ ಅಷ್ಟಭುಜ ಸಿದ್ಧವಾಗುತ್ತದೆ.

ಈ ಆಕೃತಿ ಕಣ್ಣಿಗೆ ಸಮನಾಗಿ ಕಂಡಿತೆಂದು ತೃಪ್ತಿಪಟ್ಟುಕೊಳ್ಳುವುದು ಚಿತ್ರಕಲೆಯ ಪಾಠಕ್ಕೆ ಸಾಕಾದೀತು. ಗಣಿತದ ಪಾಠ ಶುರುವಾಗುವುದು ಅದು ನಿಜಕ್ಕೂ ಸಮವೇ ಎಂದು ಕೇಳಿದಾಗ. ಬದಿಯ 10 ಅಡಿಯಲ್ಲಿ 7.07ನ್ನು ಕಳೆದರೆ ಮೂಲೆಯಲ್ಲಿ ಉಳಿಯುವುದು 2.93 ಅಡಿ, ಎರಡೂ ತುದಿಗಳಲ್ಲಿ ಅಷ್ಟಷ್ಟನ್ನು ಬಿಟ್ಟರೆ ನಡುವಿನ ತುಂಡು 4.14 ಅಡಿ, ಕತ್ತರಿಸಿದ ಮೂಲೆಯ ಲಂಬಕೋನ ತ್ರಿಭುಜಕ್ಕೆ ಪೈಥಾಗೊರಸನ ಪ್ರಮೇಯವನ್ನು ಅನ್ವಯಿಸಿದರೆ ಅದರ ವಿಕರ್ಣವೂ 4.14 ಅಡಿ. ದಶಮಾಂಶಗಳಲ್ಲಿ ಇದು ಹತ್ತಿರದ ಹೊಂದಾಣಿಕೆ ಮಾತ್ರ. ಬದಿಯನ್ನು ಒಂದು ಅಕ್ಷರದಿಂದ ಸೂಚಿಸಿ, 2ರ ವರ್ಗಮೂಲವನ್ನು ಹಾಗೆಯೇ ಇಟ್ಟುಕೊಂಡು ಲೆಕ್ಕ ಮಾಡಿದಾಗ ಎರಡು ಉದ್ದಗಳೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಒಂದೇ ಎಂದು ಸಾಧಿತವಾಗುತ್ತದೆ. ಪಠ್ಯಪುಸ್ತಕದಲ್ಲಿ 2ರ ವರ್ಗಮೂಲವು ಅಭಾಗಲಬ್ಧ ಸಂಖ್ಯೆ, ಅಂದರೆ ಎರಡು ಪೂರ್ಣಾಂಕಗಳ ಭಾಗಲಬ್ಧವಾಗಿ ಬರೆಯಲು ಬಾರದ ಸಂಖ್ಯೆ, ಎಂದು ಓದಿ ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಆ ಸಂಖ್ಯೆ ಏಕೆ ಬೇಕು ಎಂಬುದು ಇಲ್ಲಿ, ನೂಲಿನ ತುದಿಯಲ್ಲಿ, ತಿಳಿಯುತ್ತದೆ.

ಕಲ್ಲಿಗಿಂತಲೂ ಪದ್ಯದಲ್ಲಿ ಗಣಿತ ಹೆಚ್ಚು ಸೂಕ್ಷ್ಮವಾಗಿದೆ. ಶಿಗ್ಗಾವಿ ತಾಲ್ಲೂಕಿನ ಬಾಡ ಕನಕದಾಸರ ಜನ್ಮಸ್ಥಳ. ಅವರ ‘ನಳಚರಿತ್ರೆ’ ಮತ್ತು ‘ಹರಿಭಕ್ತಿಸಾರ’ಗಳು ಭಾಮಿನೀ ಷಟ್ಪದಿಯಲ್ಲಿವೆ. ಈ ಛಂದಸ್ಸಿನ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 3, 4, 3, 4 ಮಾತ್ರೆಯ ಗಣಗಳು ಬರುತ್ತವೆ. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಆ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು ಸೇರುತ್ತದೆ. ಪದ್ಯದ ಒಟ್ಟು ಮೊತ್ತ 102 ಮಾತ್ರೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂಬುದನ್ನು ಕನ್ನಡದ ಮೇಷ್ಟ್ರು ಹೇಗೂ ಕಲಿಸಿರುತ್ತಾರೆ. ಗಣಿತದ ಮೇಷ್ಟ್ರು ಕೇಳಬೇಕಾದದ್ದು ಮುಂದಿನ ಪ್ರಶ್ನೆ: ಇಂತಿಷ್ಟು ಮಾತ್ರೆಗಳನ್ನು ಲಘು ಗುರುಗಳಿಂದ ಎಷ್ಟು ಬಗೆಯಲ್ಲಿ ತುಂಬಬಹುದು? ಮೂರು ಮಾತ್ರೆಗೆ 3 ಬಗೆ, ನಾಲ್ಕಕ್ಕೆ 5, ಐದಕ್ಕೆ 8 ಎಂದು ಮಕ್ಕಳು ಬರೆದು ಬರೆದೇ ಕಂಡುಕೊಳ್ಳುತ್ತಾರೆ. ಹಿಂದಿನ ಎರಡು ಸಂಖ್ಯೆಗಳ ಮೊತ್ತವೇ ಮುಂದಿನದು ಎಂಬುದರ ಕಾರಣವೂ ಸರಳ: ಯಾವುದೇ ವಿನ್ಯಾಸ ಲಘುವಿನಲ್ಲಿ ಮುಗಿದರೆ ಅದಕ್ಕೆ ಮುಂಚೆ ಒಂದು ಮಾತ್ರೆ ಕಡಿಮೆಯ ವಿನ್ಯಾಸವಿರುತ್ತದೆ, ಗುರುವಿನಲ್ಲಿ ಮುಗಿದರೆ ಎರಡು ಮಾತ್ರೆ ಕಡಿಮೆಯದು. ಯುರೋಪಿನಲ್ಲಿ 1202ರಲ್ಲಿ ಫಿಬೊನಾಚಿಯ ಗ್ರಂಥದಿಂದ ಹೆಸರಾದ ಈ ಸಂಖ್ಯಾಸರಣಿಯನ್ನು ಭಾರತದ ಛಂದಶ್ಶಾಸ್ತ್ರಜ್ಞರು ಅದಕ್ಕೂ ಮುಂಚೆ ಪ್ರಸ್ತಾರದ ಲೆಕ್ಕದಲ್ಲಿಯೇ, ಅಂದರೆ ವಿನ್ಯಾಸಗಳನ್ನು ಕ್ರಮವಾಗಿ ಹರಡಿ ಎಣಿಸುವ ವಿಧಾನದಲ್ಲಿಯೇ, ಕಂಡಿದ್ದರು.

ಅಂಕಗಣಿತ ಇಲ್ಲಿಗೆ ನಿಂತರೆ ಭಾಮಿನಿಯ ಮೊದಲ ಸಾಲಿಗೆ 3×5×3×5, ಅಂದರೆ 225 ವಿನ್ಯಾಸಗಳು ಸಾಧ್ಯ. ಆದರೆ ಷಟ್ಪದಿಯ ಗಣದ ಮೊದಲಲ್ಲಿ ಲಘುವಿನ ಬೆನ್ನಿಗೆ ಗುರು ಬರಬಾರದೆಂಬ ನಿಯಮವಿದೆ. ಆ ನಿಯಮ ಮೂರು ಮಾತ್ರೆಯ ಗಣದಲ್ಲಿ ಒಂದನ್ನೂ ನಾಲ್ಕರ ಗಣದಲ್ಲಿ ಒಂದನ್ನೂ ಹೊರಗಿಡುವುದರಿಂದ ಉಳಿಯುವುದು 2×4×2×4, ಅಂದರೆ 64 ಮಾತ್ರ. ಕಿವಿಯ ಒಂದು ಸಣ್ಣ ಒತ್ತಾಯ ಸಾಧ್ಯತೆಗಳನ್ನು ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಮಾಡುತ್ತದೆ ಎಂಬುದು ನಿಜಕ್ಕೂ ಬೆರಗು ಹುಟ್ಟಿಸುವ ಸಂಗತಿ. ಕನಕದಾಸರ ಪದ್ಯಗಳಲ್ಲಿ ಈ 64ರಲ್ಲಿ ಯಾವುವು ಎಷ್ಟು ಸಲ ಬಂದಿವೆ ಎಂದು ಮಕ್ಕಳು ಗುಂಪುಗುಂಪಾಗಿ ಎಣಿಸಿ ಆವೃತ್ತಿ ಕೋಷ್ಟಕ ಮಾಡಿದರೆ ಸಂಖ್ಯಾಶಾಸ್ತ್ರದ ಅಧ್ಯಾಯವೂ ಅದರಲ್ಲಿಯೇ ಮುಗಿಯುತ್ತದೆ. ಸರ್ವಜ್ಞನ ಹೆಸರಿನೊಡನೆ ಬೆಸೆದಿರುವ ಅಬಲೂರು, ಮಾಸೂರುಗಳ ಹಿರೇಕೆರೂರು ಸೀಮೆಯಲ್ಲಿ ಇದೇ ಕೆಲಸವನ್ನು ತ್ರಿಪದಿಯಿಂದ ಮಾಡಬಹುದು. ಅದರ 11 ಅಂಶಗಣಗಳಲ್ಲಿ ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಬ್ರಹ್ಮಗಣಕ್ಕೆ 4 ರೂಪಗಳು, ವಿಷ್ಣುಗಣಕ್ಕೆ 8.

ಸಂಗೀತದಲ್ಲಿ ಸಮೀಕರಣ ಕಿವಿಗೇ ಕೇಳಿಸುತ್ತದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ನೂರಾರು ಅಂಧ ಮಕ್ಕಳಿಗೆ ಸ್ವರವಿದ್ಯೆ ದೊರೆಯಲು ಕಾರಣರಾದ ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ್ದು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಆ ಪರಂಪರೆಯ ಹಿಂದೂಸ್ತಾನಿ ಗಾಯನ ಮತ್ತು ತಬಲಾ ಈ ಭಾಗದಲ್ಲಿ ಇಂದಿಗೂ ಬಳಕೆಯ ಮಾತು. ತಿಹಾಯಿ ಎಂದರೆ ಒಂದೇ ತುಣುಕನ್ನು ಮೂರು ಸಲ ನುಡಿಸಿ, ಮೂರನೆಯದರ ಕೊನೆಯ ಪೆಟ್ಟು ಸರಿಯಾಗಿ ಸಮದ ಮೇಲೆ, ಅಂದರೆ ತಾಳದ ಮೊದಲ ಮಾತ್ರೆಯ ಮೇಲೆ, ಬೀಳುವಂತೆ ಮಾಡುವ ಮುಕ್ತಾಯ. ತುಣುಕುಗಳು ಮೂರು, ಅವುಗಳ ನಡುವಿನ ಬಿಡುವುಗಳು ಎರಡು. 16 ಮಾತ್ರೆಯ ತೀನ್‌ತಾಲದಲ್ಲಿ ಸಮದಿಂದ ಹೊರಟು ಮುಂದಿನ ಸಮಕ್ಕೆ ಮುಟ್ಟಬೇಕಾದರೆ ಎಣಿಕೆ 17 ಆಗುವುದರಿಂದ, ತುಣುಕಿನ ಮೂರು ಪಟ್ಟು ಮತ್ತು ಬಿಡುವಿನ ಎರಡು ಪಟ್ಟು ಕೂಡಿ 17 ಆಗಬೇಕು. ಇದು ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ. ಪೂರ್ಣ ಮಾತ್ರೆಗಳಲ್ಲಿ ಇದಕ್ಕೆ ಮೂರೇ ಪರಿಹಾರಗಳು: ತುಣುಕು 5, ಬಿಡುವು 1. ತುಣುಕು 3, ಬಿಡುವು 4. ತುಣುಕು 1, ಬಿಡುವು 7. ನಕ್ಷೆಯ ಹಾಳೆಯಲ್ಲಿ ಈ ಮೂರು ಬಿಂದುಗಳು ಒಂದೇ ಸರಳರೇಖೆಯ ಮೇಲೆ ಬೀಳುತ್ತವೆ, ಕೈಚಪ್ಪಾಳೆಯಲ್ಲಿ ಮೂರು ಬೇರೆ ಬೇರೆ ರುಚಿಯ ತಿಹಾಯಿಗಳಾಗುತ್ತವೆ. ತುಣುಕು ಯಾಕೆ ಯಾವಾಗಲೂ ಬೆಸಸಂಖ್ಯೆಯೇ ಆಗುತ್ತದೆ, 10 ಮಾತ್ರೆಯ ಝಪತಾಲಕ್ಕೂ 12 ಮಾತ್ರೆಯ ಏಕತಾಲಕ್ಕೂ ಅದೇ ಮಾತು ನಿಲ್ಲುತ್ತದೆಯೇ, 7 ಮಾತ್ರೆಯ ರೂಪಕದ ಒಂದು ಆವರ್ತನಕ್ಕೆ ಬಂದಾಗ ಅದೇಕೆ ಸಮಸಂಖ್ಯೆಯಾಗಿಬಿಡುತ್ತದೆ ಎಂಬ ಪ್ರಶ್ನೆಗಳು ಮಕ್ಕಳ ಬಾಯಿಂದಲೇ ಬರುವಂತೆ ಕಾಯುವುದರಲ್ಲಿ ಶಿಕ್ಷಕರ ಕಸುಬುಗಾರಿಕೆ ಇದೆ.

ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿರುವ ಬೃಹತ್ ಮರಗಳು ಹೆಸರಿಗೆ ಹುಣಸೆಯಾದರೂ ಆಫ್ರಿಕಾ ಮೂಲದ ಬಾವೊಬಾಬ್ ಜಾತಿಯವು. ಅವುಗಳ ಬೊಡ್ಡೆಯನ್ನು ತಬ್ಬಿ ಹಿಡಿಯಲು ಕೈಕೈ ಹಿಡಿದ ಮಕ್ಕಳ ಒಂದು ಸಾಲೇ ಬೇಕು. ಸುತ್ತಳತೆಯಿಂದ ವ್ಯಾಸವನ್ನೂ, ಕೋನಮಾಪಕ, ನೂಲು ಮತ್ತು ತೂಕದ ಗುಂಡಿನಿಂದ ಮಾಡಿದ ಸರಳ ಸಾಧನದ ಮೂಲಕ ಉನ್ನತ ಕೋನವನ್ನು ಅಳೆದು ಎತ್ತರವನ್ನೂ ಕಂಡುಕೊಳ್ಳುವುದು ತ್ರಿಕೋನಮಿತಿಯ ಸಾಮಾನ್ಯ ಚಟುವಟಿಕೆ. ಅದಕ್ಕಿಂತ ಬೆಲೆಯುಳ್ಳದ್ದು ಮುಂದಿನ ಅನುಮಾನ. ಬೊಡ್ಡೆ ಸುತ್ತಲೂ ಉಬ್ಬುತಗ್ಗುಗಳಿಂದ ಕೂಡಿದೆ, ಅದು ವೃತ್ತವಲ್ಲ. ಸುತ್ತಳತೆ 12 ಮೀಟರ್ ಎಂದಿಟ್ಟುಕೊಂಡು ವೃತ್ತದ ಸೂತ್ರ ಹಾಕಿದರೆ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 11.46 ಚದರ ಮೀಟರ್ ಬರುತ್ತದೆ. ಆದರೆ ಒಂದೇ ಸುತ್ತಳತೆಯ ಆಕೃತಿಗಳಲ್ಲಿ ಅತಿ ಹೆಚ್ಚು ಜಾಗವನ್ನು ಒಳಗೊಳ್ಳುವುದು ವೃತ್ತವೇ ಆದ್ದರಿಂದ ಮರದ ನಿಜವಾದ ವಿಸ್ತೀರ್ಣ ಅದಕ್ಕಿಂತ ಕಡಿಮೆಯೇ ಇರಬೇಕು. ಉತ್ತರ ತಪ್ಪಾಗಿದ್ದರೂ ತಪ್ಪು ಯಾವ ಕಡೆಗಿದೆ ಎಂದು ಖಚಿತವಾಗಿ ಹೇಳಬಲ್ಲ ಈ ಶಕ್ತಿಯನ್ನು ಪರೀಕ್ಷೆಯ ಪ್ರಶ್ನೆಪತ್ರಿಕೆ ಅಪರೂಪಕ್ಕೆ ಕೇಳುತ್ತದೆ.

ಮನೆಯ ಕಲೆಗಳೂ ಹಿಂದೆ ಬೀಳುವುದಿಲ್ಲ. 1, 3, 5 ಎಂದು 15ರವರೆಗೆ ಏರಿ ಮತ್ತೆ 1ಕ್ಕೆ ಇಳಿಯುವ ಚುಕ್ಕಿ ರಂಗೋಲಿಯಲ್ಲಿ ಒಟ್ಟು 113 ಚುಕ್ಕಿಗಳು. ಅದು 8ರ ಮತ್ತು 7ರ ವರ್ಗಗಳ ಮೊತ್ತ, ಸಮಾಂತರ ಶ್ರೇಢಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರವೇಶವಿಲ್ಲ. ಹಳೆಯ ಸೀರೆ, ಧೋತರಗಳ ತುಂಡುಗಳಿಂದ ಅಜ್ಜಿಯರು ಹೊಲಿಯುವ ಕೌದಿ ಚೌಕ ತ್ರಿಭುಜಗಳ ಜೋಡಣೆ. ಶಿಗ್ಗಾವಿ ಬಳಿಯ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ನಿನ ಆಳೆತ್ತರದ ಶಿಲ್ಪಗಳನ್ನು ನೋಡಿ ಬಂದ ಮಕ್ಕಳು ಒಂದು ಮಣ್ಣಿನ ಮಾದರಿಯನ್ನೂ ಅದರ ಅರ್ಧ ಅಳತೆಯ ಇನ್ನೊಂದನ್ನೂ ಮಾಡಿದರೆ, ಎತ್ತರ ಇಮ್ಮಡಿಯಾದಾಗ ಬಣ್ಣ ನಾಲ್ಕು ಪಟ್ಟು, ಮಣ್ಣು ಎಂಟು ಪಟ್ಟು ಬೇಕಾಗುತ್ತದೆ ಎಂಬುದನ್ನು ತೂಗಿಯೇ ತಿಳಿಯುತ್ತಾರೆ. ಅದೇ ಊರಿನಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇರುವುದು ಇಂಥ ಕೆಲಸಕ್ಕೆ ದೊಡ್ಡ ಆಸರೆ.

ಈ ಬೋಧನೆಗೆ ಒಂದು ನಿಜವಾದ ಅಪಾಯವಿದೆ, ಅದನ್ನು ಮರೆಮಾಚಬಾರದು. ಥರ್ಮೋಕೋಲಿನ ಗೋಪುರ, ಬಣ್ಣದ ಚಾರ್ಟು, ಅಂಗಡಿಯಿಂದ ತಂದ ಮಾದರಿಗಳು ಯೋಜನೆಯ ಹೆಸರಿನಲ್ಲಿ ಬಂದು ಕುಳಿತಾಗ ಗಣಿತವೂ ಇರುವುದಿಲ್ಲ, ಕಲೆಯೂ ಇರುವುದಿಲ್ಲ. ಲೆಕ್ಕವನ್ನು ತೆಗೆದುಹಾಕಿದರೂ ಕೆಲಸ ಮುಗಿಯುವಂತಿದ್ದರೆ ಅದು ಗಣಿತದ ಯೋಜನೆಯಲ್ಲ. ತಿಹಾಯಿ ಲೆಕ್ಕ ತಪ್ಪಿದರೆ ಸಮಕ್ಕೆ ಬೀಳುವುದಿಲ್ಲ, ಆದ್ದರಿಂದ ಅದು ಯೋಜನೆ. ಅಭ್ಯಾಸದ ಲೆಕ್ಕಗಳಿಗೂ ಮಗ್ಗಿಗೂ ಇದು ಬದಲಿಯಲ್ಲ. ವರ್ಗಸಮೀಕರಣವನ್ನು ಸರಾಗವಾಗಿ ಬಿಡಿಸಲು ಕೈ ಪಳಗಿಯೇ ಇರಬೇಕು, ಬಹುಪದೋಕ್ತಿಗಳಂಥ ಕೆಲವು ಅಧ್ಯಾಯಗಳನ್ನು ಬಲವಂತವಾಗಿ ಕಲೆಗೆ ಕಟ್ಟಿಹಾಕುವುದಕ್ಕಿಂತ ಕಪ್ಪು ಹಲಗೆಯ ಮೇಲೆಯೇ ಚೆನ್ನಾಗಿ ಹೇಳಿಕೊಡುವುದು ಮೇಲು.

ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತದ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾಗಿವೆ. ಯೋಜನೆಗೆ ಸರಕಾರಿ ಚೌಕಟ್ಟಿನಲ್ಲಿ ಸಿಗುವ ಜಾಗ ಈ 20 ಅಂಕಗಳಲ್ಲಿದೆ. ಅಂಗಳದಲ್ಲಿ ಎಳೆದ ಅಷ್ಟಭುಜದ ಎಂಟು ಬದಿಗಳನ್ನು ಅಳೆದಾಗ ಒಂದು 4.1 ಅಡಿ, ಇನ್ನೊಂದು 4.2 ಅಡಿ ಬಂದಿದ್ದರೆ, ನೂಲು ಹಿಗ್ಗಿತೋ ಗೂಟ ಅಲುಗಿತೋ ಚೌಕದ ಮೂಲೆಯೇ ಲಂಬವಾಗಿರಲಿಲ್ಲವೋ ಎಂದು ಮಕ್ಕಳು ಹುಡುಕಿ, ಮರುದಿನ ಮತ್ತೆ ಎಳೆದು, ಎರಡೂ ದಿನದ ಅಳತೆಗಳನ್ನು ಅಕ್ಕಪಕ್ಕದಲ್ಲಿ ಬರೆದಿಟ್ಟ ಪುಟಗಳಿಗೆ ಆ ಅಂಕಗಳ ಹೆಚ್ಚಿನ ಪಾಲು ಸಲ್ಲಬೇಕು.