ಚಂದ್ರಗಿರಿಯ ದಡದಿಂದ ಹೊರಟ ಪುಸ್ತಕಗಳು: ಸಾರಾ ಅಬೂಬಕ್ಕರ್ ಬದುಕು ಮತ್ತು ಬರಹ

ನಲವತ್ತೈದು ವರ್ಷಕ್ಕೆ ಬರೆಯೋಕೆ ಶುರು ಮಾಡಿದವರು ಸಾಹಿತಿ ಆಗ್ತಾರಾ? ಅದೂ ನಾಲ್ಕು ಗಂಡು ಮಕ್ಕಳ ತಾಯಿ, ಕಾಲೇಜಿನ ಮೆಟ್ಟಿಲು ಹತ್ತದವರು, ಮನೆಯಲ್ಲಿ ಮಲಯಾಳಂ ಮಾತಾಡುವವರು? ಕನ್ನಡದಲ್ಲಿ ಅಂಥವರೊಬ್ಬರು ಆದರು. ಅವರೇ ಸಾರಾ ಅಬೂಬಕ್ಕರ್. 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಕೋಮು ಸೌಹಾರ್ದದ ಬಗ್ಗೆ ಅವರ ಮೊದಲ ಲೇಖನ ಬಂತು. 1984ರಲ್ಲಿ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಪುಸ್ತಕವಾಗಿ ಹೊರಬಂತು, ಅದೇ ವರ್ಷದ ಕರ್ನಾಟಕ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಸಿಕ್ಕಿತು. 2023ರ ಜನವರಿ 10ರಂದು ಮಂಗಳೂರಿನಲ್ಲಿ ತೀರಿಕೊಳ್ಳುವವರೆಗೆ ಅವರ ಬರಹ ಮತ್ತು ಅದರ ಸುತ್ತಲಿನ ಜಗಳ ಎರಡೂ ನಿಲ್ಲಲಿಲ್ಲ.

ಪುಣೆಯ ಖಡಕಿಯಂತಹ ಊರಿನಲ್ಲಿ ಕೂತು ಕನ್ನಡ ಓದುವವರು ಈ ಲೇಖಕಿಯನ್ನು ವಿಶೇಷವಾಗಿ ಓದಬೇಕು ಅಂತ ನನಗೆ ಅನಿಸುತ್ತೆ. ಯಾಕೆ ಅಂದ್ರೆ, ನಮ್ಮ ಮಕ್ಕಳಿಗೆ ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಬಜಾರಿನಲ್ಲಿ ಮತ್ತೊಂದು. ದಖನಿ, ಕನ್ನಡ, ಮರಾಠಿ, ಹಿಂದಿ ಎಲ್ಲ ಒಂದೇ ಬಾಯಲ್ಲಿ. ‘ನಮ್ಮ ಭಾಷೆ ಯಾವುದು’ ಅಂತ ಯಾರಾದರೂ ಕೇಳಿದರೆ ಒಂದು ಕ್ಷಣ ತಡವರಿಸುತ್ತೇವೆ. ಸಾರಾ ಅವರು ಹುಟ್ಟಿದ್ದೂ ಇಂಥದೇ ಒಂದು ಗಡಿಯಲ್ಲಿ.

ಹುಟ್ಟಿದ್ದು 1936ರ ಜೂನ್ 30ರಂದು, ಕಾಸರಗೋಡಿನ ಚಂದ್ರಗಿರಿಯಲ್ಲಿ. ತಂದೆ ಅಹ್ಮದ್ ಅವರು ವಕೀಲರು, ತಾಯಿ ಝೈನಾಬಿ. ಆಗ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ಭಾಷಾವಾರು ವಿಂಗಡಣೆಯಲ್ಲಿ ಅದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯನ್ನು ತುಳುನಾಡಿಗೂ ಮಲಯಾಳ ನಾಡಿಗೂ ನಡುವಿನ ಗೆರೆ ಅಂತ ಹಳಬರು ಹೇಳ್ತಿದ್ದರು. ಆ ಗೆರೆಯ ಮೇಲೆ ಬೆಳೆದ ಹುಡುಗಿ ಕಲಿತದ್ದು ಕನ್ನಡ ಶಾಲೆಯಲ್ಲಿ. ಊರಿನ ಸಮುದಾಯದಲ್ಲಿ ಶಾಲೆಗೆ ಹೋಗಿ ಓದು ಮುಗಿಸಿದ ಮೊದಲ ಮುಸ್ಲಿಂ ಹುಡುಗಿಯರಲ್ಲಿ ಅವರೂ ಒಬ್ಬರು. ಮುಂದೆ ಓದುವ ಆಸೆ ಇತ್ತು. ಆದರೆ ಹೆಣ್ಣುಮಕ್ಕಳ ಓದಿಗೆ ಸಮುದಾಯ ಹಾಕಿದ್ದ ಬೇಲಿ ಅದನ್ನು ತಡೆಯಿತು. ಮದುವೆಯಾದದ್ದು ಅಬೂಬಕ್ಕರ್ ಎಂಬ ಇಂಜಿನಿಯರ್ ಅವರನ್ನು. ನಂತರ ಕರ್ನಾಟಕದ ಊರುಗಳಲ್ಲಿ ಸಂಸಾರ. ಒಂದು ಗ್ರಂಥಾಲಯದ ಸದಸ್ಯತ್ವ ಅವರ ಕೈಗೆ ಸಿಕ್ಕಿದ್ದು 1963ರಲ್ಲಿ, ಅಂದ್ರೆ 27ನೇ ವಯಸ್ಸಿನಲ್ಲಿ!

ಈ ಒಂದು ಸಂಗತಿಯ ಹತ್ತಿರ ಸ್ವಲ್ಪ ನಿಲ್ಲಬೇಕು. ಇವತ್ತಿನ ವಿದ್ಯಾರ್ಥಿಗೆ ಲೈಬ್ರರಿ ಕಾರ್ಡು ಅಂದರೆ ಏನೂ ಅಲ್ಲ. ಸಾರಾ ಅವರಿಗೆ ಅದು ಹೊರಗಿನ ಲೋಕದ ಬಾಗಿಲು. ಆ ಕಾರ್ಡಿಗೂ ಅವರ ಮೊದಲ ಲೇಖನಕ್ಕೂ ನಡುವೆ ಹದಿನೆಂಟು ವರ್ಷ ಇದೆ. ಹೊರಗಿನಿಂದ ನೋಡಿದವರಿಗೆ ಅಡುಗೆ, ಮಕ್ಕಳು, ಮನೆ ಅಷ್ಟೇ ಕಾಣುತ್ತಿದ್ದ ಕಾಲ ಅದು. ಆದರೆ ಮನೆಯ ಹಿಂಬಾಗಿಲಲ್ಲಿ ನಡೆಯುವ ಹೆಂಗಸರ ಮಾತು, ತವರಿಗೆ ವಾಪಸ್ ಬಂದ ಹೆಣ್ಣುಮಕ್ಕಳ ಮೌನ, ಇದೆಲ್ಲ ಕಾದಂಬರಿಗೆ ಬೇಕಾದ ಸಾಮಗ್ರಿಯೇ ಅಲ್ವಾ? ಹೊರಗಿನಿಂದ ಬಂದ ಯಾವ ಸಂಶೋಧಕನಿಗೂ ಆ ಹಿಂಬಾಗಿಲು ತೆರೆಯುವುದಿಲ್ಲ.

ಈಗ ಪುಸ್ತಕಗಳಿಗೆ ಬರೋಣ. ‘ಚಂದ್ರಗಿರಿಯ ತೀರದಲ್ಲಿ’ಯ ನಾದಿರಾ ಗಂಡ ರಶೀದನ ಜೊತೆ ಸುಖವಾಗಿದ್ದವಳು. ತಂದೆಯ ಹಠ ಮತ್ತು ಹಣದ ತಕರಾರಿನಿಂದ ಆ ಸಂಸಾರ ತಲಾಖ್‌ವರೆಗೆ ಹೋಗುತ್ತದೆ. ಅವಳನ್ನು ಯಾರೂ ಕೇಳುವುದಿಲ್ಲ. ಮುಂದೆ ಇಬ್ಬರೂ ಮತ್ತೆ ಒಂದಾಗಬೇಕು ಅಂದಾಗ ಎದುರಾಗುವುದು ಒಂದು ಷರತ್ತು: ಅವಳು ಇನ್ನೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಅವನ ಜೊತೆ ಕಳೆದು, ಅವನಿಂದ ತಲಾಖ್ ಪಡೆದು ಬರಬೇಕು. ಅವಳ ದಾರಿ ಕೊನೆಗೆ ಮಸೀದಿಯ ಕೆರೆಯಲ್ಲಿ ಮುಗಿಯುತ್ತದೆ.

ಇಲ್ಲಿ ಓದುಗರು ಒಂದು ವಿಷಯ ತಿಳಿದಿರಬೇಕು. ಅಂತಿಮ ತಲಾಖ್ ಆದ ಹೆಣ್ಣು ಇನ್ನೊಬ್ಬನನ್ನು ಮದುವೆಯಾಗದೆ ಹಳೆಯ ಗಂಡನಿಗೆ ಮರಳುವಂತಿಲ್ಲ ಎಂಬ ನಿಯಮ ಕುರ್‌ಆನಿನ ಅಲ್ ಬಕರಾ ಅಧ್ಯಾಯದಲ್ಲಿದೆ. ತಲಾಖನ್ನು ಮಕ್ಕಳಾಟ ಮಾಡಿಕೊಳ್ಳಬೇಡಿ ಅಂತ ಗಂಡಸರಿಗೆ ಕೊಟ್ಟ ಎಚ್ಚರಿಕೆಯಾಗಿಯೇ ಅನೇಕ ವಿದ್ವಾಂಸರು ಅದನ್ನು ವಿವರಿಸಿದ್ದಾರೆ. ಮೊದಲೇ ಮಾತಾಡಿಕೊಂಡು ಒಂದು ರಾತ್ರಿಗೆ ಮಾಡಿಸುವ ಮದುವೆ ಬೇರೆಯೇ ಸಂಗತಿ. ಹಾಗೆ ಮಾಡುವವನನ್ನೂ ಮಾಡಿಸುವವನನ್ನೂ ಹದೀಸ್‌ನಲ್ಲಿ ಶಪಿಸಲಾಗಿದೆ. ಅಂದ್ರೆ ಗಂಡಸಿಗೆ ಕಡಿವಾಣ ಹಾಕಲು ಬಂದ ಮಾತು, ಊರಿನ ಗಂಡಸರ ಕೈಯಲ್ಲಿ ಹೆಣ್ಣಿಗೆ ಶಿಕ್ಷೆಯಾಗಿ ತಿರುಗಿತು. ಕಾದಂಬರಿಯ ನೋವು ಇರುವುದು ಈ ತಿರುವಿನಲ್ಲಿ.

ನಂತರದ ಪುಸ್ತಕಗಳು ಇದೇ ಮನೆಯ ಬೇರೆ ಬೇರೆ ಕೋಣೆಗಳು ಅನ್ನಬಹುದು. ‘ಸಹನಾ’ದಲ್ಲಿ ಗಂಡನ ಇನ್ನೊಂದು ಮದುವೆಯನ್ನು ಸಹಿಸಬೇಕಾದ ಹೆಣ್ಣಿನ ಪ್ರಶ್ನೆ ಇದೆ. ‘ವಜ್ರಗಳು’ ನಫೀಸಾ ಎಂಬ ಹೆಣ್ಣಿನ ಬದುಕನ್ನು ಹಿಡಿಯುತ್ತದೆ. ಅದನ್ನು ಆಧರಿಸಿ ‘ಸಾರಾವಜ್ರ’ ಎಂಬ ಚಲನಚಿತ್ರವೂ ಬಂತು. ‘ಕದನ ವಿರಾಮ’, ‘ಸುಳಿಯಲ್ಲಿ ಸಿಕ್ಕವರು’, ‘ತಳ ಒಡೆದ ದೋಣಿಯಲ್ಲಿ’, ‘ಪಂಜರ’ ಇತರ ಕಾದಂಬರಿಗಳು. ‘ಚಪ್ಪಲಿಗಳು’, ‘ಪಯಣ’, ‘ಖೆಡ್ಡಾ’, ‘ಸುಮಯ್ಯಾ’ ಮುಂತಾದವು ಕಥಾಸಂಕಲನಗಳು. ಆತ್ಮಕಥೆ ‘ಹೊತ್ತು ಕಂತುವ ಮುನ್ನ’.

ಇನ್ನೊಂದು ಸಾಲು ಅನುವಾದಗಳದ್ದು. ಮನೆಮಾತು ಮಲಯಾಳಂ, ಬರಹದ ಭಾಷೆ ಕನ್ನಡ. ಈ ಎರಡರ ನಡುವೆ ಅವರು ಸೇತುವೆ ಕಟ್ಟಿದರು. ಕಮಲಾದಾಸ್ ಅವರ ‘ಮನೋಮಿ’, ಬಿ. ಎಂ. ಸುಹರಾ ಅವರ ‘ಬಳೆ’, ಪಿ. ಕೆ. ಬಾಲಕೃಷ್ಣನ್ ಅವರ ಮಹಾಭಾರತದ ಕಾದಂಬರಿ, ಇವೆಲ್ಲ ಅವರಿಂದ ಕನ್ನಡಕ್ಕೆ ಬಂದವು. ಮುಸ್ಲಿಂ ಹೆಣ್ಣಿನ ಕಥೆ ಬರೆಯುವಾಕೆ ಕರ್ಣ-ದ್ರೌಪದಿಯರ ಕಥೆಯನ್ನೂ ಕನ್ನಡಕ್ಕೆ ತರುತ್ತಾರೆ. ಭಾಷೆ ಎರಡಿದ್ದರೆ ಅದು ಗೊಂದಲ ಅಲ್ಲ, ಎರಡು ಹೊಲ ಇದ್ದ ಹಾಗೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ? 1994ರಲ್ಲಿ ಅವರು ‘ಚಂದ್ರಗಿರಿ ಪ್ರಕಾಶನ’ ಶುರು ಮಾಡಿದರು. ಬರೆಯುವ ಹೆಣ್ಣು ಅಚ್ಚು ಹಾಕುವ ಕೆಲಸವನ್ನೂ ತಾನೇ ಹೊತ್ತುಕೊಂಡಳು.

ವಿದ್ಯಾರ್ಥಿಗಳಿಗೆ ಬಹುಶಃ ಹೆಚ್ಚು ಪರಿಚಯ ಇರುವುದು ‘ಯುದ್ಧ’ ಕಥೆ. ಕರ್ನಾಟಕದ ಹತ್ತನೇ ತರಗತಿ ಕನ್ನಡ ಪಠ್ಯದಲ್ಲಿ ಅದು ಕೆಲವು ವರ್ಷ ಇತ್ತು. ಯುದ್ಧದ ಸಮಯದಲ್ಲಿ ಗಾಯಗೊಂಡ ವೈದ್ಯನೊಬ್ಬ ಗಡಿಯಾಚೆಯ ಮನೆಯೊಂದಕ್ಕೆ ಬರುತ್ತಾನೆ. ಅಲ್ಲೊಬ್ಬ ಮುದುಕಿ, ಒಳಗೆ ಹೆರಿಗೆ ನೋವಿನಲ್ಲಿ ನರಳುವ ಸೊಸೆ. ಅವನು ಹೆರಿಗೆಗೆ ನೆರವಾಗುತ್ತಾನೆ. ಅವನು ಶತ್ರು ದೇಶದವನು ಅಂತ ಗೊತ್ತಾದ ಮೇಲೂ ಆ ಮುದುಕಿ ಅವನನ್ನು ಕಾಪಾಡುತ್ತಾಳೆ. ಈ ಕಥೆಯನ್ನು ಖಡಕಿಯಲ್ಲಿ ಓದುವುದೇ ಬೇರೆ. ಇದು ದಂಡಿನ ಊರು. 1817ರಲ್ಲಿ ಪೇಶ್ವೆಯ ಸೈನ್ಯಕ್ಕೂ ಇಂಗ್ಲಿಷರಿಗೂ ಯುದ್ಧ ನಡೆದ ಜಾಗ. 1869ರಿಂದ ಇಲ್ಲಿ ಮದ್ದುಗುಂಡಿನ ಕಾರ್ಖಾನೆ ಇದೆ. ಯುದ್ಧ ಸ್ಮಾರಕದ ಸ್ಮಶಾನದಲ್ಲಿ ಎರಡನೇ ಮಹಾಯುದ್ಧದಲ್ಲಿ ಸತ್ತವರ ಸಾವಿರಕ್ಕೂ ಹೆಚ್ಚು ಗೋರಿಗಳಿವೆ. ಗುಂಡು ತಯಾರಾಗುವ ಊರಿನ ಹುಡುಗ ಹುಡುಗಿಯರು, ಆ ಗುಂಡು ಹೋಗಿ ತಲುಪುವ ಕಡೆಯೂ ಒಬ್ಬ ತಾಯಿ, ಒಬ್ಬ ಬಸುರಿ ಇರುತ್ತಾಳೆ ಅಂತ ಓದುವುದು ಸಣ್ಣ ಸಂಗತಿ ಅಲ್ಲ.

ಇಷ್ಟೆಲ್ಲ ಬರೆದವರಿಗೆ ಶಾಂತಿ ಸಿಕ್ಕಿತಾ? ಇಲ್ಲ. 1985ರಲ್ಲಿ ಪುತ್ತೂರಿನ ಸಾಹಿತ್ಯ ಸಮ್ಮೇಳನದಲ್ಲಿ ಅವರ ಮಾತಿಗೆ ಅಡ್ಡಿಪಡಿಸಲಾಯಿತು. ಅದು ಶಾಬಾನೊ ಪ್ರಕರಣದ ವರ್ಷ. ಸುಪ್ರೀಂ ಕೋರ್ಟಿನ ಜೀವನಾಂಶದ ತೀರ್ಪು ಬಂದು ದೇಶದ ತುಂಬ ಗದ್ದಲ ಎದ್ದಿತ್ತು. ಪುಣೆಯವರಿಗೆ ಈ ವಾದ ಹೊಸದಲ್ಲ. ಹಮೀದ್ ದಳವಾಯಿ ಅವರು 1966ರಲ್ಲಿ ಮುಂಬಯಿಯಲ್ಲಿ ಏಳು ಜನ ಮುಸ್ಲಿಂ ಹೆಂಗಸರನ್ನು ಕರೆದುಕೊಂಡು ಬಾಯಿಮಾತಿನ ತಲಾಖ್ ವಿರುದ್ಧ ಮೆರವಣಿಗೆ ಮಾಡಿದ್ದರು. 1970ರಲ್ಲಿ ಪುಣೆಯಲ್ಲೇ ಮುಸ್ಲಿಂ ಸತ್ಯಶೋಧಕ ಮಂಡಳ ಕಟ್ಟಿದರು. ಒಂದೇ ಉಸಿರಿನ ಮೂರು ತಲಾಖ್ ಅಸಿಂಧು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ನಾದಿರಾಳ ಕಥೆ ಅಚ್ಚಾಗಿ ಆಗಲೇ ಮೂವತ್ತಮೂರು ವರ್ಷ ಕಳೆದಿತ್ತು.

ಸಾರಾ ಅವರ ಮೇಲೆ ಪದೇ ಪದೇ ಬಂದ ಆಕ್ಷೇಪ ಒಂದೇ: ‘ಮನೆಯ ಮಾತು ಬೀದಿಗೆ ಯಾಕೆ ತಂದ್ರಿ? ನಮ್ಮನ್ನು ದ್ವೇಷಿಸುವವರ ಕೈಗೆ ಕೋಲು ಯಾಕೆ ಕೊಟ್ರಿ?’ ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಕೇಳುವವರ ಭಯ ನಿಜ. ಮುಸ್ಲಿಂ ಹೆಣ್ಣಿನ ಕಣ್ಣೀರನ್ನು ಮುಸ್ಲಿಮರನ್ನೇ ಹಳಿಯಲು ಬಳಸುವವರು ಇದ್ದಾರೆ. ಅವರಿಗೆ ನಾದಿರಾ ಬೇಡ, ನಾದಿರಾಳ ಹೆಣ ಸಾಕು.

ಆದರೆ ಸಾರಾ ಅವರ ಬರಹವನ್ನು ಪೂರ್ತಿ ಓದಿದರೆ ಉತ್ತರ ಅಲ್ಲೇ ಸಿಗುತ್ತದೆ. ಅವರ ಮೊದಲ ಲೇಖನವೇ ಕೋಮು ಸೌಹಾರ್ದದ ಪರವಾಗಿತ್ತು. ಸಮುದಾಯದ ಒಳಗಿನ ಅನ್ಯಾಯದ ವಿರುದ್ಧ ಎತ್ತಿದ ದನಿಯನ್ನೇ ಅವರು ಹೊರಗಿನ ಕೋಮುವಾದದ ವಿರುದ್ಧವೂ ಎತ್ತಿದರು. ಎರಡೂ ಕಡೆಯವರಿಗೆ ಬೇಡವಾದದ್ದು ಇದೇ ಕಾರಣಕ್ಕೆ. ಒಂದು ಬದಿಯನ್ನು ಮಾತ್ರ ಹರಿದುಕೊಂಡು ಓದುವವರು ಅವರ ಓದುಗರಲ್ಲ. ಇನ್ನು ಮಾತು ಮನೆಯೊಳಗೇ ಇರಲಿ ಅಂದರೆ, ಆ ಮನೆಯೊಳಗೆ ನಾದಿರಾಳ ಮಾತನ್ನು ಕೇಳುವವರು ಯಾರಿದ್ದರು?

ಹೆಸರು ಬಂದ ಮೇಲೂ ಹೋರಾಟ ಮುಗಿಯಲಿಲ್ಲ. 2011ನೇ ಸಾಲಿನ ರಾಷ್ಟ್ರೀಯ ಪ್ರಶಸ್ತಿಯಲ್ಲಿ ‘ಬ್ಯಾರಿ’ ಚಿತ್ರ ಮರಾಠಿಯ ‘ದೇವೂಳ್’ ಜೊತೆ ಅತ್ಯುತ್ತಮ ಚಿತ್ರದ ಗೌರವ ಹಂಚಿಕೊಂಡಿತು. ಆ ಕಥೆ ತನ್ನ ಕಾದಂಬರಿಯದ್ದು, ತನ್ನನ್ನು ಕೇಳದೆ ಬಳಸಲಾಗಿದೆ ಅಂತ ಸಾರಾ ಅವರು ಮಂಗಳೂರಿನ ನ್ಯಾಯಾಲಯಕ್ಕೆ ಹೋದರು. ತೀರ್ಪು ಅವರ ಪರವಾಗಿ ಬಂತು. ಕೇಳದೆ ತೀರ್ಮಾನಿಸಲಾದ ಹೆಣ್ಣಿನ ಕಥೆ ಬರೆದವರು, ತನ್ನ ಕಥೆಯ ವಿಷಯದಲ್ಲಿ ಸುಮ್ಮನಿರಲಿಲ್ಲ.

ನಾಡೋಜ, ರಾಜ್ಯೋತ್ಸವ ಪ್ರಶಸ್ತಿ, ಮಂಗಳೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಎಲ್ಲ ಮುಂದೆ ಬಂದವು. ಕಾಲೇಜಿಗೆ ಹೋಗಲಾಗದ ಹುಡುಗಿಗೆ ಡಾಕ್ಟರೇಟ್! ವನಮಾಲಾ ವಿಶ್ವನಾಥ ಅವರ ಅನುವಾದದಲ್ಲಿ ನಾದಿರಾ ಇಂಗ್ಲಿಷ್ ಓದುಗರನ್ನೂ ತಲುಪಿದಳು.

ಈ ಬದುಕಿನಿಂದ ಬರೆಯುವ ಆಸೆ ಇರುವ ಹುಡುಗ ಹುಡುಗಿಯರು ತೆಗೆದುಕೊಳ್ಳಬಹುದಾದದ್ದು ಸರಳ. ಭಾಷೆ ಶುದ್ಧವಾಗಿಲ್ಲ, ವಯಸ್ಸು ಮೀರಿತು, ದೊಡ್ಡ ಅನುಭವ ಇಲ್ಲ ಅನ್ನುವ ಮೂರು ನೆಪವೂ ಸಾರಾ ಅವರ ಮುಂದೆ ನಿಲ್ಲುವುದಿಲ್ಲ. ನಿಮ್ಮ ಅಜ್ಜಿ ಯಾವ ಊರಿಂದ ಬಂದರು, ಯಾವ ತರಗತಿಗೆ ಶಾಲೆ ಬಿಟ್ಟರು, ಯಾಕೆ ಬಿಟ್ಟರು ಅಂತ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ. ದಖನಿಯಲ್ಲಿ ಹೇಳಿದರೆ ದಖನಿಯಲ್ಲೇ ಬರೆಯಿರಿ. ಕನ್ನಡಕ್ಕೆ ಆಮೇಲೆ ತರಬಹುದು. ಕೇಳುವುದನ್ನು ಮಾತ್ರ ಮುಂದೂಡಬೇಡಿ.